ಮೆದುಳಿನ ಗಡ್ಡೆ ತೆಗೆದ ಮೇಲೆ ಮಾತು ನಿಂತ ಮಗು: ಮತ್ತೆ ಮಾತಾಡುತ್ತಾ?

ನಿಮ್ಮ ಅಣ್ಣನ ಮಗನಿಗೆ ಆರು ವರ್ಷ, ಮೆಡುಲ್ಲೊಬ್ಲಾಸ್ಟೊಮಾ (ಕಿರುಮೆದುಳಲ್ಲಿ ಬೆಳೆಯೋ ಕ್ಯಾನ್ಸರ್) ಗಡ್ಡೆ ತೆಗೆದಿದ್ದಾರೆ, ಮರುದಿನ ನೀರು ಕೇಳಿದವನು ಆಮೇಲೆ ತುಟಿ ಬಿಚ್ಚಿಲ್ಲ ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ, ಆದರೆ ನನ್ನ ಮಗಳಿಗೂ ಇದೇ ಗಡ್ಡೆ, ಅವಳಿಗೂ ಹೀಗೇ ಆಗಿತ್ತು. ಬಹುತೇಕ ಮಕ್ಕಳಿಗೆ ಮಾತು ಮರಳುತ್ತೆ. ಮೊದಲಿನಷ್ಟೇ ಚುರುಕಾಗಿ ಬರುತ್ತೆ ಅಂತ ಮಾತ್ರ ಹೇಳಲಾರೆ.

ಇದಕ್ಕೆ ಸೆರೆಬೆಲ್ಲರ್ ಮ್ಯೂಟಿಸಂ ಅಂತಾರೆ. ಈ ಆಪರೇಷನ್ ಆದ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಆಗುತ್ತೆ. ಎಚ್ಚರವಾದಾಗ ಮಾತಾಡಿ, ಒಂದೆರಡು ದಿನದಲ್ಲಿ ನಿಲ್ಲಿಸೋದೇ ಇದರ ರೀತಿ. ಕಿರುಮೆದುಳಿನಿಂದ ಮುಂಭಾಗದ ಮೆದುಳಿಗೆ ಹೋಗೋ ನರಗಳ ದಾರಿಗೆ ಪೆಟ್ಟಾಗಿರುತ್ತೆ. ಬಾಯಿ ಬರದಿದ್ದರೂ ನಾವಾಡಿದ್ದು ಕಿವಿಗೆ ಬೀಳುತ್ತಿರುತ್ತೆ, ಹಾಗಾಗಿ ನೋಡೋಕೆ ಬಂದವರು ಮಂಚದ ಪಕ್ಕ ನಿಂತು "ಅಯ್ಯೋ, ಮೂಗ ಆಗೋದ್ನಲ್ಲ" ಅನ್ನೋದನ್ನ ಮೊದಲು ತಡೀರಿ.

ನಮ್ಮವಳು ಬರೀ ಚೀರುತ್ತಿದ್ದಳು. ಕತ್ತು ನಿಲ್ಲುತ್ತಿರಲಿಲ್ಲ. ಒಂದು ಚಮಚ ಗಂಜಿ ಕೊಟ್ಟರೂ ಕೆಮ್ಮು. ನಿಮ್ಮ ಹುಡುಗನೂ ಹೀಗೆ ಕೆಮ್ಮಿದರೆ ಪ್ರೀತಿಗೆ ಅಂತ ಬಾಯಿಗೆ ಏನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ನುಂಗೋದನ್ನ ಪರೀಕ್ಷೆ ಮಾಡೋವರೆಗೆ ಮೂಗಿನ ನಳಿಕೆಯೇ ಸರಿ. ಕೆಲವು ವಾರಗಳಾದ ಮೇಲೆ, ಸೂಜಿ ಹಿಡಿದು ಬಂದ ನರ್ಸ್‌ಗೆ "ಬ್ಯಾಡ" ಅಂದಳು. ಅದೇ ಮೊದಲ ಮಾತು. ಆಮೇಲೆ ತಿಂಗಳುಗಟ್ಟಲೆ ಒಂದೊಂದಕ್ಷರ ಎಳೆದೆಳೆದು ಆಡುತ್ತಿದ್ದಳು, ಸ್ಪೀಚ್ ಥೆರಪಿ ಇನ್ನೂ ನಡೀತಿದೆ.

ಮಾತು ಬರಲಿ, ಆಮೇಲೆ ನೋಡೋಣ ಅಂತ ರೇಡಿಯೇಷನ್ ಮುಂದೂಡಬೇಡಿ. ಸಾಮಾನ್ಯವಾಗಿ ಆಪರೇಷನ್ ಆಗಿ 4ರಿಂದ 6 ವಾರದೊಳಗೆ ಶುರುಮಾಡ್ತಾರೆ, ತಡವಾದಷ್ಟೂ ಗಡ್ಡೆಗೇ ಅನುಕೂಲ. ಅದರ ಬೆಲೆಯೂ ಗೊತ್ತಿರಲಿ: ಚಿಕ್ಕ ಮಕ್ಕಳಲ್ಲಿ ಕಲಿಕೆ ನಿಧಾನವಾಗುತ್ತೆ, ಎತ್ತರ ಕುಂಠಿತವಾಗಬಹುದು, ಥೈರಾಯ್ಡ್ ಕೈಕೊಡಬಹುದು. ಅದಕ್ಕೇ ಅಪಾಯ ಹೆಚ್ಚಿಲ್ಲದ ಮಕ್ಕಳಿಗೆ ತಲೆ, ಬೆನ್ನುಹುರಿ ಪೂರ್ತಿಗೆ 36 ಗ್ರೇ (ವಿಕಿರಣದ ಅಳತೆ) ಬದಲು 23.4 ಗ್ರೇ ಕೊಟ್ಟು, ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಸುಮಾರು 54ಕ್ಕೆ ಏರಿಸ್ತಾರೆ. ನಿಮ್ಮ ಹುಡುಗ ಯಾವ ಗುಂಪಿನಲ್ಲಿದ್ದಾನೆ ಅಂತ ಡಾಕ್ಟರನ್ನ ನೇರವಾಗಿ ಕೇಳಿ.

ಕೀಮೋದಲ್ಲಿ ಸಿಸ್‌ಪ್ಲಾಟಿನ್ ಅನ್ನೋ ಔಷಧಿ ಇದ್ದರೆ ಕಿವಿ ಮೇಲೆ ಕಣ್ಣಿಡಿ, ಅದು ಕೇಳಿಸೋದನ್ನ ಕುಗ್ಗಿಸಬಹುದು. ಮೊದಲು ಕೇಳಿಸದೇ ಹೋಗೋದು ಕೀರಲು ಸದ್ದು, ಮಾತಿನಲ್ಲಿ ಸ, ಶ ಅಂಥವು. ಮನೆಯೊಳಗೆ ಎದುರು ಕೂತು ಮಾತಾಡುವಾಗ ಪತ್ತೆಯೇ ಆಗಲ್ಲ, ಆಡಿಯೋಮೆಟ್ರಿ (ಕಿವಿ ಕೇಳಿಸೋ ಪರೀಕ್ಷೆ) ಮಾಡಿಸಲೇಬೇಕು. ನಮ್ಮವಳು ಈಗ ಹಿಯರಿಂಗ್ ಏಡ್ ಹಾಕಿಕೊಂಡೇ ಶಾಲೆಗೆ ಹೋಗ್ತಾಳೆ, ಮೊದಲ ಬೆಂಚು.