ಇಮೇಜ್‌ಬೋರ್ಡ್‌ಗಳು ಎಲ್ಲಿಂದ ಬಂದವು, ಅಲ್ಲಿ ಯಾರೂ ಹೆಸರು ಹಾಕಲ್ಲ ಯಾಕೆ?

ಇಮೇಜ್‌ಬೋರ್ಡ್ ಅಂದ್ರೆ ಚಿತ್ರ ಹಾಕಿ ಮಾತಾಡಿಕೊಳ್ಳುವ ವೆಬ್‌ಸೈಟ್. ಅಲ್ಲಿ ಹೆಸರಿಲ್ಲದೆ ಬರೆಯುವ ಈ ರೂಢಿ ಬಂದದ್ದು ಜಪಾನಿನಿಂದ. 1999ರಲ್ಲಿ ಹಿರೋಯುಕಿ ನಿಶಿಮುರಾ 2ಚಾನೆಲ್ ಅನ್ನೋ ಚರ್ಚೆಯ ವೆಬ್‌ಸೈಟ್ ಶುರು ಮಾಡಿದರು, ಅದು ಬರೀ ಬರಹದ್ದು. 2001ರ ಫುಟಾಬಾ ಚಾನೆಲ್‌ನಲ್ಲಿ ಚಿತ್ರಗಳೇ ಮುಖ್ಯವಾದವು. ಅದರ ಕೋಡ್ ತಗೊಂಡು 2003ರಲ್ಲಿ ಅಮೆರಿಕದ 15 ವರ್ಷದ ಹುಡುಗ ಕ್ರಿಸ್ಟೋಫರ್ ಪೂಲ್ 4ಚಾನ್ ಕಟ್ಟಿದ.

ಅಲ್ಲಿ ಖಾತೆಯೇ ಬೇಡ, ಹೆಸರು ಹಾಕದವರೆಲ್ಲ 'ಅನಾನಿಮಸ್' (ಅನಾಮಿಕ), ಹೊಸ ಥ್ರೆಡ್ (ಒಂದು ವಿಷಯದ ಮೇಲಿನ ಮಾತಿನ ಸರಣಿ) ಬಂದ ಹಾಗೆ ಹಳೆಯವು ಕೆಳಗೆ ಜಾರಿ ಅಳಿಸಿಹೋಗುತ್ತವೆ. ನನ್ನ ಪ್ರಕಾರ ಈ ಅಳಿಸಿಹೋಗುವುದೇ ಅಸಲಿ ವಿಷಯ: ಇಷ್ಟವಾದ ಚಿತ್ರವನ್ನು ಯಾರಾದರೂ ಸೇವ್ ಮಾಡಿಕೊಂಡು ಮತ್ತೆ ಹಾಕಬೇಕು, ಇನ್ನೊಬ್ಬರು ಅದನ್ನ ಸ್ವಲ್ಪ ಬದಲಿಸಬೇಕು, ಲೋಲ್‌ಕ್ಯಾಟ್‌ನಂಥ (ತಮಾಷೆ ಸಾಲು ಬರೆದ ಬೆಕ್ಕಿನ ಚಿತ್ರ) ಮೀಮ್‌ಗಳು ಬೆಳೆದದ್ದು ಹೀಗೇ ಅಲ್ವಾ. 2008ರಲ್ಲಿ ಸೈಂಟಾಲಜಿ ಎಂಬ ಧಾರ್ಮಿಕ ಪಂಥದ ವಿರುದ್ಧ ಬೀದಿಗಿಳಿದ ಅನಾನಿಮಸ್ ಗುಂಪು ಹುಟ್ಟಿದ್ದೂ ಅಲ್ಲೇ. ಸಂಕೋಚವಿಲ್ಲದೆ ಮಾತಾಡಬಹುದು ನಿಜ, ಆದರೆ ದ್ವೇಷ, ಕಿರುಕುಳವೂ ಅಲ್ಲಿ ಜಾಸ್ತಿಯಾಯಿತು, ಅದನ್ನ ಸುಮ್ನೆ ತಮಾಷೆ ಅಂತ ತಳ್ಳಿಹಾಕೋಕೆ ಆಗಲ್ಲ.