ಟೆರೇಸಿನ ಸೋಲಾರ್ ಯಾರ ಬಿಲ್ ಇಳಿಸುತ್ತದೆ?

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ ಫ್ಲ್ಯಾಟ್ ನೋಡುತ್ತಿದ್ದೇವೆ. 'ಸೋಲಾರ್ ಇದೆ, ಗ್ರೀನ್ ಸರ್ಟಿಫಿಕೇಟ್ ಇದೆ' ಎಂದು ಬಿಲ್ಡರ್ ಕಡೆಯವರು ಚದರಡಿಗೆ ಜಾಸ್ತಿ ರೇಟು ಹೇಳುತ್ತಿದ್ದಾರೆ. ರಿಯಲ್ ಎಸ್ಟೇಟ್ ಕಂಪನಿಗಳ ಈ ಹಸಿರು ಮಾತು ನಿಜವೇ, ಸುಮ್ನೆ ಜಾಹೀರಾತೇ?
– ಓದುಗರು, ಬೆಂಗಳೂರು

ಉತ್ತರ: ನಿಜವೂ ಇದೆ, ಜಾಹೀರಾತೂ ಇದೆ. ನಾನು ಮೊದಲು ಕೇಳುವುದು ಒಂದೇ. ಕಟ್ಟಡ ಕಟ್ಟಿದವರೇ ಅದರ ಕರೆಂಟ್ ಬಿಲ್ಲನ್ನೂ ಕಟ್ಟುತ್ತಾರಾ?

ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಗೊತ್ತಲ್ವಾ? ಅದು ಎಂಬೆಸಿ ಆಫೀಸ್ ಪಾರ್ಕ್ಸ್ ರೀಟ್‌ನದು. 2019ರಲ್ಲಿ ಷೇರುಪೇಟೆಗೆ ಬಂದ ದೇಶದ ಮೊದಲ ರೀಟ್ ಇದು. ರೀಟ್ ಎಂದರೆ ಹೂಡಿಕೆದಾರರ ದುಡ್ಡಿನಲ್ಲಿ ಕಟ್ಟಡಗಳನ್ನು ಹೊಂದಿರುವ ಟ್ರಸ್ಟ್. ಅದು ಕಟ್ಟಡ ಮಾರಿ ಹೋಗುವುದಿಲ್ಲ, ಇಟ್ಟುಕೊಂಡು ಬಾಡಿಗೆ ಎಣಿಸುತ್ತದೆ. ಬಳ್ಳಾರಿ ಕಡೆ ಇವರದೇ 100 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಹಾಗೆಂದು ಅಲ್ಲಿಂದ ನಾಗವಾರಕ್ಕೆ ಬೇರೆ ತಂತಿ ಎಳೆದಿಲ್ಲ. ಅಲ್ಲಿ ತಯಾರಾದ ಕರೆಂಟ್ ಗ್ರಿಡ್ಡಿಗೆ ಸೇರುತ್ತದೆ, ಇಲ್ಲಿನ ಬಿಲ್ಲಿನಲ್ಲಿ ಅಷ್ಟು ಯೂನಿಟ್ ವಜಾ ಆಗುತ್ತದೆ, ತಂತಿ ಬಳಸಿದ್ದಕ್ಕೆ ವೀಲಿಂಗ್ ಶುಲ್ಕ. ಹಳೇ ಮನಿಯಾರ್ಡರ್ ಇದ್ದ ಹಾಗೆ. ನೀವು ಕೊಟ್ಟ ನೋಟೇ ಊರಿಗೆ ಹೋಗುತ್ತಿರಲಿಲ್ಲ, ಲೆಕ್ಕ ಮಾತ್ರ ಹೋಗುತ್ತಿತ್ತು. 2040ರೊಳಗೆ ನೆಟ್ ಝೀರೋ, ಅಂದರೆ ಗಾಳಿಗೆ ಬಿಡುವ ಇಂಗಾಲದ ಲೆಕ್ಕ ಒಟ್ಟಾರೆ ಸೊನ್ನೆ, ಎಂದೂ ಕಂಪನಿ ಹೇಳಿಕೊಂಡಿದೆ. ಇಪ್ಪತ್ತು ವರ್ಷ ಅಲ್ಲೇ ಇರುವವರಿಗೆ ಇಂಥ ಖರ್ಚು ಗಿಟ್ಟುತ್ತದೆ. ಬಾಡಿಗೆಗೆ ಬರುವ ದೊಡ್ಡ ಕಂಪನಿಗಳೂ ಹಸಿರು ಕರೆಂಟ್ ಕೇಳುತ್ತವೆ.

ಫ್ಲ್ಯಾಟಿನ ಕಥೆ ಬೇರೆ. ಬಿಲ್ಡರ್ ಕೀ ಕೊಟ್ಟು ಹೊರಡುತ್ತಾರೆ. ಟೆರೇಸಿನ ಸೋಲಾರ್ ಸಾಮಾನ್ಯವಾಗಿ ಲಿಫ್ಟ್, ಪಂಪು, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಕಾರಿಡಾರ್ ದೀಪಗಳಿಗೆ. ನಿಮ್ಮ ಮನೆಯ ಬೆಸ್ಕಾಂ ಮೀಟರ್ ಬೇರೆ, ಅದು ತನ್ನ ಪಾಡಿಗೆ ಓಡುತ್ತದೆ. ಇಳಿಯುವುದಾದರೆ ಮೇಂಟೆನೆನ್ಸ್ ಇಳಿಯಬೇಕು, ಅಷ್ಟೇ. ಇನ್ನು ಸೋಲಾರ್ ವಾಟರ್ ಹೀಟರ್, ಮಳೆನೀರು ಕೊಯ್ಲು ನಮ್ಮಲ್ಲಿ ಹೇಗೂ ನಿಯಮದಲ್ಲೇ ಇವೆ. ಅದನ್ನು ತೋರಿಸಿ ಜಾಸ್ತಿ ದುಡ್ಡು ಕೇಳಿದರೆ ನಕ್ಕುಬಿಡಿ.

ನಮ್ಮ ಅಪಾರ್ಟ್‌ಮೆಂಟಿನದೇ ಹೇಳುತ್ತೇನೆ. ಲಾಬಿಯಲ್ಲಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ್ದಾರೆ. ಮೇಲೆ 10 ಕಿಲೋವಾಟ್ ಪ್ಯಾನೆಲ್. ಒಂದು ಕಿಲೋವಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಎಂದರೂ 40 ಬರಬೇಕಿತ್ತು. ಬರುತ್ತಿದ್ದುದು ಅರ್ಧ. ಒಂದು ದಿನ ಹತ್ತಿ ನೋಡಿದೆ. ಮಧ್ಯಾಹ್ನ ಮೂರಾಗುತ್ತಿದ್ದಂತೆ ಓವರ್‌ಹೆಡ್ ಟ್ಯಾಂಕಿನ ನೆರಳು ಒಂದು ಸಾಲಿನ ತುದಿಗೆ ಬಿತ್ತು. ಸರಪಳಿಯಂತೆ ಜೋಡಿಸಿದ್ದರಿಂದ ಒಂದೆರಡಕ್ಕೆ ನೆರಳಾದರೆ ಇಡೀ ಸಾಲೇ ಸೊರಗುತ್ತದೆ. ಉಳಿದದ್ದರ ಮೇಲೆ ಪಾರಿವಾಳದ ಹಿಕ್ಕೆ, ಬೆರಳಿಟ್ಟರೆ ಅಚ್ಚು ಮೂಡುವಷ್ಟು ಧೂಳು. ತೊಳೆಯಲು ಅಲ್ಲಿ ಒಂದು ನಲ್ಲಿಯನ್ನೂ ಬಿಟ್ಟಿರಲಿಲ್ಲ!

ಸರ್ಟಿಫಿಕೇಟ್ ವಿಷಯದಲ್ಲೂ ಹುಷಾರು. ಪ್ಲಾನ್ ನೋಡಿ ಕೊಡುವ ಪ್ರೀ-ಸರ್ಟಿಫಿಕೇಟ್ ಬೇರೆ, ಕಟ್ಟಿ ಮುಗಿದ ಮೇಲೆ ಸಿಗುವುದು ಬೇರೆ. ಬ್ರೋಷರಿನಲ್ಲಿ ಇರುವುದು ಯಾವುದು ಎಂದು ಬಾಯಿಬಿಟ್ಟು ಕೇಳಿ.

ಸೋಲಾರ್ ಇಲ್ಲದ ಫ್ಲ್ಯಾಟನ್ನು ಅದೊಂದಕ್ಕೇ ಬಿಡಬೇಡಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೂ ಕಾಮನ್ ಏರಿಯಾಗೆ ಕಿಲೋವಾಟಿಗೆ 18,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ, 500 ಕಿಲೋವಾಟ್‌ವರೆಗೆ.

ಮಾಡೆಲ್ ಫ್ಲ್ಯಾಟ್ ನೋಡಿ ತೀರ್ಮಾನ ಮಾಡಬೇಡಿ. ಅದೇ ಬಿಲ್ಡರ್ ಐದು ವರ್ಷದ ಹಿಂದೆ ಕಟ್ಟಿದ ಅಪಾರ್ಟ್‌ಮೆಂಟಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ಟೆರೇಸ್ ಹತ್ತಿ. ಪ್ಯಾನೆಲ್ ಕೊನೆಯ ಸಲ ಯಾವಾಗ ತೊಳೆದರು ಎಂಬುದನ್ನು ವಾಚ್‌ಮನ್ನೇ ಹೇಳುತ್ತಾನೆ.