ನಾಲ್ಕು ಬಾರ್, ಹತ್ತಾರು ಸಂಘ: ಹಂಚೋದು ಹೇಗೆ?

ಅಮೆರಿಕದ ಮಿನೆಸೋಟ ರಾಜ್ಯದ ಸಣ್ಣ ಊರೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರಿನಲ್ಲಿ ಪುಲ್‌ಟ್ಯಾಬ್ ಮಾರುವ ಬಾರ್‌ಗಳು ನಾಲ್ಕೇ. ನಾಲ್ಕರಲ್ಲೂ ಮಾರಾಟ ಮಕ್ಕಳ ಐಸ್ ಹಾಕಿ ಸಂಘದ ಕೈಯಲ್ಲೇ ಇದೆ. ನಮ್ಮ ಕನ್ನಡ ಕೂಟದಂಥ ಹತ್ತಾರು ಸಂಘಗಳಿಗೆ ಏನೂ ಸಿಗುತ್ತಿಲ್ಲ. ವರ್ಷಕ್ಕೊಂದು ಸಂಘದಂತೆ ಸರದಿ ಮೇಲೆ ಕೊಡಿ ಅಂತ ನಗರಸಭೆಗೆ ಅರ್ಜಿ ಹಾಕುತ್ತಿದ್ದೇವೆ. ಸರಿ ಅಲ್ವಾ?"

ನಿಮ್ಮ ಬೇಸರ ನ್ಯಾಯವಾದದ್ದು. ಆದರೆ ಸರದಿ ಪದ್ಧತಿ ಬೇಡ ಅಂತಲೇ ನನ್ನ ಅಭಿಪ್ರಾಯ.

ಪುಲ್‌ಟ್ಯಾಬ್ ಗೊತ್ತಿಲ್ಲದವರಿಗೆ ಒಂದು ಮಾತು. ಅದು ರಟ್ಟಿನ ಸಣ್ಣ ಚೀಟಿ. ಹಿಂದಿನ ಪಟ್ಟಿ ಕಿತ್ತರೆ ಒಳಗೆ ಚಿತ್ರಗಳು. ಚಿತ್ರ ಹೊಂದಿದರೆ ಬಹುಮಾನ, ಇಲ್ಲದಿದ್ದರೆ ಚೀಟಿ ಕಸಕ್ಕೆ. ಮಿನೆಸೋಟದ ಬಾರ್‌ಗಳಲ್ಲಿ ಇದನ್ನು ನಡೆಸುವ ಲೈಸೆನ್ಸ್ ಲಾಭದ ಉದ್ದೇಶ ಇಲ್ಲದ ಸಂಘಗಳಿಗೆ ಮಾತ್ರ ಸಿಗುತ್ತದೆ. ಮಾಜಿ ಸೈನಿಕರು, ಲಯನ್ಸ್, ಮಕ್ಕಳ ಹಾಕಿ ಸಂಘಗಳು ಇದರಲ್ಲಿ ಹಳಬರು.

ದೂರದಿಂದ ನೋಡಿದರೆ ಇದು ಸುಮ್ನೆ ಬರೋ ದುಡ್ಡು ಅನಿಸುತ್ತದೆ. ಲೆಕ್ಕ ಹಾಗಿಲ್ಲ. 100 ಡಾಲರ್ ಆಟ ನಡೆದರೆ ಸುಮಾರು 85 ಡಾಲರ್ ಬಹುಮಾನವಾಗಿ ವಾಪಸ್ ಹೋಗುತ್ತದೆ. ಉಳಿದ 15ರಲ್ಲಿ ಬಾರ್‌ನ ಬಾಡಿಗೆ, ಮಾರುವವರ ಸಂಬಳ, ಚೀಟಿ ಪೆಟ್ಟಿಗೆಯ ಬೆಲೆ, ರಾಜ್ಯದ ತೆರಿಗೆ ಎಲ್ಲ ಹೋಗಬೇಕು. ಸಂಘಕ್ಕೆ ಉಳಿಯೋದು ಆಮೇಲೆ.

ಕೆಲಸವೂ ಕಮ್ಮಿ ಇಲ್ಲ. ಜೂಜಿನ ವ್ಯವಹಾರ ನೋಡಿಕೊಳ್ಳಲು ಲೈಸೆನ್ಸ್ ಪಡೆದ ಮ್ಯಾನೇಜರ್ ಇರಬೇಕು. ಅವರು ಪರೀಕ್ಷೆ ಪಾಸಾಗಬೇಕು, ಅವರ ಹೆಸರಲ್ಲಿ 10,000 ಡಾಲರ್ ಬಾಂಡ್ (ಹಣ ದುರುಪಯೋಗವಾದರೆ ತುಂಬಿಕೊಡುವ ಖಾತರಿ) ಇರಬೇಕು. ಒಂದು ಪೆಟ್ಟಿಗೆ ಮುಗಿಯಿತು ಅಂದರೆ ಮಾರದೆ ಉಳಿದ ಚೀಟಿ ಎಣಿಸಿ, ಗೆದ್ದ ಚೀಟಿಗಳನ್ನು ಎತ್ತಿಟ್ಟು, ಗಲ್ಲಾದ ನಗದು ಹೊಂದುತ್ತದಾ ನೋಡಬೇಕು. ಹೊಂದದಿದ್ದರೆ ಯಾಕೆ ಅಂತ ಉತ್ತರ ಕೊಡಬೇಕು. ಖರ್ಚಿಗೆ ಸದಸ್ಯರ ಸಭೆಯ ಒಪ್ಪಿಗೆ ಬೇಕು. ಸಂಜೆ ಕೆಲಸ ಮುಗಿಸಿ ಬಂದ ನಾಲ್ಕು ಜನ ಇದನ್ನೆಲ್ಲ ಕಲಿತು ಹಿಡಿತಕ್ಕೆ ತಂದುಕೊಳ್ಳುವ ಹೊತ್ತಿಗೆ ನಿಮ್ಮ ಸರದಿಯ ವರ್ಷವೇ ಮುಗಿದಿರುತ್ತದೆ. ಮುಂದಿನ ಸಂಘ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು. ಜೊತೆಗೆ, ಜಾಗದ ಕರಾರು ಆಗೋದು ಬಾರ್ ಮಾಲೀಕರಿಗೂ ಸಂಘಕ್ಕೂ ನಡುವೆ. ಆ ಜಾಗಕ್ಕೆ ನಗರಸಭೆ ಠರಾವು ಮಾಡಿ ಒಪ್ಪಿಗೆ ಕೊಡಬಹುದು, ಇಲ್ಲ ಅನ್ನಬಹುದು. ಇಂಥವರಿಗೇ ಬಾಡಿಗೆಗೆ ಕೊಡು ಅಂತ ಮಾಲೀಕರಿಗೆ ಹೇಳೋದು ಬೇರೆ ಮಾತು.

ಹಾಗಂತ ಹಾಕಿ ಸಂಘಕ್ಕೇ ಎಲ್ಲ ಇರಲಿ ಅಂತಲ್ಲ. ನಗರಸಭೆಯ ಕೈಯಲ್ಲಿ ಗಟ್ಟಿ ಅಧಿಕಾರ ಇದೆ. ಅದನ್ನು ಬಳಸಿ ಅಂತ ಕೇಳಿ. ರಾಜ್ಯದ ಕಾನೂನಿನ ಪ್ರಕಾರ, ಸಂಘಗಳ ನಿವ್ವಳ ಲಾಭದಲ್ಲಿ ಶೇಕಡಾ 10ರವರೆಗೆ ಊರಿನ ನಿಧಿಗೆ ಕೊಡಬೇಕು ಅಂತ ನಗರಸಭೆ ನಿಯಮ ಮಾಡಬಹುದು. ದಾನದ ದುಡ್ಡು ಊರು ಮತ್ತು ಅಕ್ಕಪಕ್ಕದ ಊರುಗಳಲ್ಲೇ ಖರ್ಚಾಗಬೇಕು ಅಂತಲೂ ಹೇಳಬಹುದು. ಒಂದು ಸಂಘಕ್ಕೆ ಇಷ್ಟೇ ಜಾಗ ಅಂತ ಮಿತಿ ಹಾಕಿದ ಊರುಗಳೂ ಇವೆ. ನಿಮ್ಮ ಊರಿಗೆ ಎರಡರ ಮಿತಿ ಸಾಕು ಅನಿಸುತ್ತದೆ. ಆದರೆ ಈಗಿರುವ ಕರಾರುಗಳನ್ನು ನಡುವೆ ಮುರಿಯದೆ, ಮುಗಿದ ಹಾಗೆ ಜಾರಿಗೆ ತರಲಿ. ಹಾಕಿ ಮಕ್ಕಳು ಈ ವರ್ಷದ ಐಸ್ ಅಂಗಳದ ಬಾಡಿಗೆಯನ್ನು ಈ ದುಡ್ಡನ್ನು ನಂಬಿಯೇ ಲೆಕ್ಕ ಹಾಕಿರುತ್ತಾರೆ. ಅವರೂ ನಿಮ್ಮೂರ ಮಕ್ಕಳೇ.

ನಿಮ್ಮ ಕೂಟದ ವಿಷಯ. ಲೈಸೆನ್ಸ್ ಬೇಕಾದರೆ ಸಂಘ ಶುರುವಾಗಿ 3 ವರ್ಷ ಆಗಿರಬೇಕು, ಕನಿಷ್ಠ 15 ಸಕ್ರಿಯ ಸದಸ್ಯರಿರಬೇಕು. ಇದು ನಿಮಗೆ ಕಷ್ಟ ಆಗಲಿಕ್ಕಿಲ್ಲ. ಆದರೆ ಈ ಹಣವನ್ನು ಕಾನೂನು ಒಪ್ಪುವ ಉದ್ದೇಶಕ್ಕೆ ಮಾತ್ರ ಬಳಸಬೇಕು. ಯುಗಾದಿ ಊಟಕ್ಕೆ, ಸದಸ್ಯರ ಪಿಕ್‌ನಿಕ್‌ಗೆ ಅಂತ ಮನಸ್ಸಿಗೆ ಬಂದ ಹಾಗೆ ತೆಗೆಯೋಕೆ ಆಗಲ್ಲ. ಸಣ್ಣ ಸಂಘಕ್ಕೆ ಬಾರ್‌ನಲ್ಲಿ ಪುಲ್‌ಟ್ಯಾಬ್ ನಡೆಸೋದಕ್ಕಿಂತ ಊರಿನ ನಿಧಿಯಿಂದ ಒಂದು ಒಳ್ಳೇ ಕೆಲಸಕ್ಕೆ ನೆರವು ಪಡೆಯೋದೇ ಹಗುರ.

ಇನ್ನೊಂದು ಮಾತು ಹೇಳದೆ ಇರಲಾರೆ. ಈ ದುಡ್ಡು ಸೋತವರ ಜೇಬಿನದು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಲಿಸಿದಾಗ ನಿಟ್ಟುಸಿರು ಬಿಟ್ಟ ಹೆಂಗಸರು ಎಷ್ಟೋ ಜನ. ಮಿನೆಸೋಟದಲ್ಲಿ 2012ರಲ್ಲಿ, ಫುಟ್‌ಬಾಲ್ ಕ್ರೀಡಾಂಗಣದ ಖರ್ಚಿಗೆ ಅಂತ, ಇದೇ ಆಟಕ್ಕೆ ಟ್ಯಾಬ್ಲೆಟ್ ಪರದೆಗಳೂ ಬಂದವು. ಹಾಗಾಗಿ "ಸಂಘಗಳು ಜಾಸ್ತಿ ಇವೆ, ಇನ್ನೂ ನಾಲ್ಕು ಬಾರ್‌ಗೆ ಒಪ್ಪಿಗೆ ಕೊಡಿ" ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಇರುವ ದುಡ್ಡನ್ನು ಹಂಚಿಕೊಳ್ಳಿ.

ಅರ್ಜಿಯಲ್ಲಿ ಸರದಿಯ ಸಾಲು ಹೊಡೆದುಹಾಕಿ, ಇದನ್ನು ಸೇರಿಸಿ: ನಿಧಿಗೆ ಊರಿನ ಯಾವ ಸಂಘ ಬೇಕಾದರೂ ಅರ್ಜಿ ಹಾಕುವಂತಿರಲಿ. ಯಾರು ಕೇಳಿದರು, ಯಾರಿಗೆ ಎಷ್ಟು ಸಿಕ್ಕಿತು ಅನ್ನೋದನ್ನು ಪ್ರತಿ ವರ್ಷ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಅರ್ಜಿ ಹಾಕಿದ ಸಂಘದ ಸಮಿತಿಯಲ್ಲಿರುವ ನಗರಸಭೆ ಸದಸ್ಯರು ಆ ದಿನ ಮತ ಹಾಕದೆ ಹೊರಗುಳಿಯಲಿ. ಅರ್ಜಿ ಕೊಡುವ ಮೊದಲು ಹಾಕಿ ಸಂಘದವರಿಗೂ ಒಂದು ಪ್ರತಿ ತೋರಿಸಿ, ಅವರ ಅಭಿಪ್ರಾಯ ಕೇಳಿ.

- ಸಂಪಾದಕ